ಹೊರಗೆ ಕೆಂಪು, ಒಳಗೆ ಕಂದು
ಓದುಗರ ಪ್ರಶ್ನೆ, ಹಣ್ಣಿನವನ ಉತ್ತರ

ಸೇಬಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ: ನೋಡಲು ಚೆಂದ, ಕೊಯ್ದರೆ ಒಳಗೆ ಕಂದು. ನಿವೃತ್ತಿಗೆ ಮೊದಲು ನಾನು ಶಿಮ್ಲಾ ಜಿಲ್ಲೆಯ ಶೀತಲಗೃಹವೊಂದರಲ್ಲಿ ಸೇಬು ಕತ್ತರಿಸಿ ನೋಡಿ ಷರಾ ಬರೆಯುವ ಕೆಲಸದಲ್ಲಿದ್ದವನು. ಆದ್ದರಿಂದ ಈ ವಿಷಯಕ್ಕೆ ನನ್ನ ಬಾಯಿ ಸ್ವಲ್ಪ ಜಾಸ್ತಿಯೇ. ಸಂಪಾದಕರು ಈ ಸಲ ಜಾಗ ಬಿಟ್ಟುಕೊಟ್ಟಿದ್ದಾರೆ.

ದಾವಣಗೆರೆಯಿಂದ ಗೃಹಿಣಿಯೊಬ್ಬರು: ಮೇ ತಿಂಗಳಲ್ಲಿ ಕಿಲೋಗೆ 240 ರೂಪಾಯಿ ಕೊಟ್ಟು ಕೆಂಪು ಸೇಬು ತಂದೆ. ಸಿಪ್ಪೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಕೊಯ್ದರೆ ಬೀಜದ ಸುತ್ತ ಕಂದು. ಮೆತ್ತಗಾಗಿರಲಿಲ್ಲ, ಹುಳುವೂ ಇಲ್ಲ, ನಡುನಡುವೆ ಸಣ್ಣ ಟೊಳ್ಳುಗಳಿದ್ದವು. ಅಂಗಡಿಯವನು ‘ಒಳಗಿಂದು ನಮಗೇನು ಗೊತ್ತಮ್ಮ’ ಅಂದ. ಇದೇನು ರೋಗ? ತಿಂದರೆ ತೊಂದರೆಯೇ?

ಅಮ್ಮಾ, ಅಂಗಡಿಯವನು ಹೇಳಿದ್ದು ನಿಜ, ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. ನಿಮ್ಮ ಹಣ್ಣಿಗೆ ಹತ್ತಿದ್ದು ಹುಳುವೂ ಅಲ್ಲ, ಬೂಷ್ಟೂ ಅಲ್ಲ. ಅದು ಉಸಿರುಕಟ್ಟಿದ ಹಣ್ಣು.

ಮರದಿಂದ ಕಿತ್ತ ಮೇಲೂ ಸೇಬು ಬದುಕಿಯೇ ಇರುತ್ತದೆ. ಗಾಳಿಯಿಂದ ಆಮ್ಲಜನಕ ಎಳೆದುಕೊಂಡು, ತನ್ನೊಳಗಿನ ಸಕ್ಕರೆಯನ್ನೂ ಹುಳಿಯನ್ನೂ ಕರಗಿಸಿಕೊಂಡು, ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತದೆ. ನಮ್ಮ ದೇಶದ ಸೇಬಾಗಿದ್ದರೆ ಮೇ ತಿಂಗಳಲ್ಲಿ ನೀವು ಕೊಂಡದ್ದು ಹಿಂದಿನ ಶ್ರಾವಣ, ಭಾದ್ರಪದದಲ್ಲಿ ಕಿತ್ತ ಹಣ್ಣು. ಅಷ್ಟು ತಿಂಗಳು ಕಾಯಿಸಬೇಕಾದರೆ ಬರೀ ತಂಪು ಸಾಲದು, ಹಣ್ಣಿನ ಉಸಿರನ್ನೇ ನಿಧಾನ ಮಾಡಬೇಕು. ಅದಕ್ಕೆ ಗಾಳಿಯಾಡದಂತೆ ಮುಚ್ಚಿದ ಕೋಣೆಗಳಿವೆ. ವ್ಯಾಪಾರದವರು ಅವನ್ನು ಸಿ.ಎ. ಸ್ಟೋರ್ ಎನ್ನುತ್ತಾರೆ. ಸಿ.ಎ. ಎಂದರೆ ಕಂಟ್ರೋಲ್ಡ್ ಅಟ್ಮಾಸ್ಫಿಯರ್, ಹಿಡಿತದಲ್ಲಿಟ್ಟ ಗಾಳಿ. ಹಿಮಾಚಲದ ಮೇಲ್ಸೀಮೆಯಲ್ಲಿ, ಕಾಶ್ಮೀರದ ಪುಲ್ವಾಮಾ ಜಿಲ್ಲೆಯ ಲಾಸಿಪೋರಾದಲ್ಲಿ ಇಂಥವು ಬಹಳ ಇವೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21. ಡೆಲಿಶಿಯಸ್ ಎಂಬ ಕೆಂಪು ತಳಿಯ ಸೇಬಿನ ಕೋಣೆಯಲ್ಲಿ ಅದನ್ನು ಶೇ 2ರ ಆಸುಪಾಸಿಗೆ ಇಳಿಸುತ್ತಾರೆ. ಉಷ್ಣಾಂಶ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಹತ್ತಿರ, ತೇವ ಶೇ 90ಕ್ಕಿಂತ ಮೇಲೆ. ಹಣ್ಣು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸುಣ್ಣದ ಚೀಲ ಇಟ್ಟೋ ಯಂತ್ರ ಓಡಿಸಿಯೋ ಹೀರಿಕೊಳ್ಳುತ್ತಾರೆ.

ಈ ಹೀರುವ ಕೆಲಸ ಎಲ್ಲಿ ತಪ್ಪಿತೋ ಅಲ್ಲಿ ನಿಮ್ಮ ಕಂದು ಶುರು. ಜನ ತುಂಬಿದ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ರಾತ್ರಿಯೆಲ್ಲ ಮಲಗಿದಂತೆ ಆಗುತ್ತದೆ ಹಣ್ಣಿನ ಪಾಡು. ಸಿಪ್ಪೆಯ ಹತ್ತಿರದ ತಿರುಳು ತನ್ನ ಉಸಿರನ್ನು ಹೇಗೋ ಹೊರಗೆ ಹಾಕುತ್ತದೆ. ಬೀಜದ ಗೂಡಿನ ಸುತ್ತಲಿನದು ಅಷ್ಟು ದೂರ ತಳ್ಳಲಾರದು. ಅಲ್ಲಿ ಡೈಆಕ್ಸೈಡ್ ಕೂಡಿಕೊಂಡು ಜೀವಕೋಶಗಳು ಬಳಲುತ್ತವೆ, ಒಳಪೊರೆಗಳು ಹರಿಯುತ್ತವೆ, ತಿರುಳು ಕಂದಾಗುತ್ತದೆ. ಆಮೇಲೆ ಆ ಸತ್ತ ಭಾಗ ನೀರು ಕಳೆದುಕೊಂಡು ಟೊಳ್ಳಾಗುತ್ತದೆ. ‘ಗಟ್ಟಿ ಕಂದು, ನಡುವೆ ಟೊಳ್ಳು’ ಎಂದು ನೀವು ಬರೆದದ್ದನ್ನು ಓದಿಯೇ ನಾನು ಅರ್ಧ ತೀರ್ಪು ಕೊಟ್ಟಾಗಿತ್ತು. ಹೊರಗಡೆ ಚುಕ್ಕೆಯೂ ಕಾಣದಿದ್ದುದಕ್ಕೆ ಕಾರಣವೂ ಇದೇ.

ತಿನ್ನುವ ವಿಚಾರ. ಇಂಥ ಕಂದು ವಿಷವಲ್ಲ. ರುಚಿ ಸಪ್ಪೆ, ಕೆಲವೊಮ್ಮೆ ಹುಳಿಹೆಂಡದ ವಾಸನೆ. ಕಂದು ಭಾಗ ಕೆತ್ತಿ ತೆಗೆದು ಉಳಿದದ್ದನ್ನು ತಿನ್ನಬಹುದು. ಆದರೆ ಬೀಜದ ಗೂಡಿನೊಳಗೆ ಬೂದು, ಕಪ್ಪು ಅಥವಾ ನೀಲಿ ಬೂಷ್ಟಿನ ಕೂದಲು ಕಂಡರೆ, ಮುಗ್ಗಲು ವಾಸನೆ ಬಂದರೆ, ತಿರುಳು ನೀರೊಡೆದು ಮೆತ್ತಗಿದ್ದರೆ, ಆ ಹಣ್ಣನ್ನು ಇಡಿಯಾಗಿ ಎಸೆಯಿರಿ. ಕೆತ್ತುವ ಗೊಡವೆ ಬೇಡ. ಡೆಲಿಶಿಯಸ್ ಜಾತಿಯಲ್ಲಿ ಹೂವಿನ ತುದಿಯ, ಅಂದರೆ ತೊಟ್ಟಿನ ಎದುರು ತುದಿಯ, ರಂಧ್ರ ಎಷ್ಟೋ ಹಣ್ಣುಗಳಲ್ಲಿ ಮುಚ್ಚಿಕೊಳ್ಳುವುದೇ ಇಲ್ಲ, ಶಿಲೀಂಧ್ರ ಅಲ್ಲಿಂದ ನೇರ ಗೂಡಿಗೆ ಇಳಿಯುತ್ತದೆ. ಸೇಬಿನ ನೀಲಿ ಬೂಷ್ಟು ಪ್ಯಾಟುಲಿನ್ ಎಂಬ ನಂಜು ಬಿಡುತ್ತದೆ, ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಸೇಬಿನ ರಸದಲ್ಲಿ ಕಿಲೋಗೆ 50 ಮೈಕ್ರೋಗ್ರಾಂ ದಾಟಬಾರದೆಂದು ನಿಯಮವೇ ಇದೆ. ಕೆಟ್ಟ ಸೇಬನ್ನು ‘ಜ್ಯೂಸಿಗೆ ಆಗುತ್ತೆ ಬಿಡಿ’ ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಶಿರಸಿಯಿಂದ ಒಂಬತ್ತನೇ ತರಗತಿಯ ಹುಡುಗ: ಹೆಚ್ಚಿಟ್ಟ ಸೇಬು ಕಂದಾಗುವುದೂ, ಕೊಯ್ಯುವ ಮೊದಲೇ ಒಳಗೆ ಕಂದಾಗಿರುವುದೂ ಒಂದೇಯಾ?

ರಸಾಯನ ಒಂದೇ, ಕಾರಣ ಬೇರೆ. ಸೇಬಿನ ಜೀವಕೋಶದಲ್ಲಿ ಪಾಲಿಫೀನಾಲ್ ಎಂಬ ಒಗರು ಪದಾರ್ಥ ಒಂದು ಕಡೆ, ಅದನ್ನು ಕಂದು ಮಾಡುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ನಡುವೆ ಪೊರೆ. ನೀನು ಚಾಕು ಹಾಕಿದಾಗ ಪೊರೆ ಹರಿದು ಎರಡೂ ಸೇರುತ್ತವೆ, ಗಾಳಿಯ ಆಮ್ಲಜನಕ ಸಿಗುತ್ತದೆ, ಬಣ್ಣ ತಿರುಗುತ್ತದೆ. ಶೀತಲಗೃಹದಲ್ಲಿ ಚಾಕು ಇಲ್ಲ. ಉಸಿರು ಕಟ್ಟಿಯೋ, ಚಳಿ ಹೆಚ್ಚಾಗಿಯೋ, ಮುಪ್ಪಾಗಿಯೋ ಪೊರೆ ತಾನಾಗಿ ಸೋರತೊಡಗುತ್ತದೆ. ನಿಮ್ಮ ಮನೆಯಲ್ಲಿ ಬಾಳೆಕಾಯಿ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುತ್ತಾರಲ್ಲ, ಅದೂ ಈ ಕಿಣ್ವವನ್ನು ತಡೆಯಲಿಕ್ಕೇ. ಹುಳಿ ಕಂಡರೆ ಅದು ಮಂಕಾಗುತ್ತದೆ. ಈ ಕಿಣ್ವ ಹುಟ್ಟದಂತೆ ಜೀನ್ ಅಡಗಿಸಿದ ‘ಆರ್ಕ್ಟಿಕ್’ ಸೇಬಿಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿದೆ. ಹೆಚ್ಚಿಟ್ಟರೂ ಬೆಳ್ಳಗೇ ಇರುತ್ತದಂತೆ. ನನಗಂತೂ ಹೆಚ್ಚಿದ ತಕ್ಷಣ ತಿಂದು ಮುಗಿಸುವುದೇ ವಾಸಿ ಅನಿಸುತ್ತದೆ.

ಬೆಂಗಳೂರಿನಿಂದ ಒಬ್ಬರು: ಸಿಪ್ಪೆಯ ಕೆಳಗಿನ ತಿರುಳಿನಲ್ಲಿ ಗುಲಾಬಿ ಗೆರೆಗಳಿದ್ದವು. ಬಣ್ಣದ ಇಂಜೆಕ್ಷನ್ ಕೊಡುತ್ತಾರೆಂದು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಬಂದಿದೆ. ನಿಜವೇ?

ಸುಳ್ಳು. ಸೂಜಿ ಚುಚ್ಚಿದ ಸೇಬು ಚುಚ್ಚಿದ ಜಾಗದಲ್ಲೇ ಕಂದಾಗಿ ಕೆಲವೇ ದಿನಕ್ಕೆ ಕೊಳೆಯಲು ಶುರುವಾಗುತ್ತದೆ. ಲಾರಿಗಟ್ಟಲೆ ಹಣ್ಣಿಗೆ ಒಂದೊಂದಾಗಿ ಸೂಜಿ ಹಾಕಲು ಯಾವ ವ್ಯಾಪಾರಿಗೆ ಪುರುಸೊತ್ತಿದೆ? ಸಿಪ್ಪೆಗೆ ಕೆಂಪು ಕೊಡುವ ಆಂಥೋಸಯನಿನ್ ಕೆಲವು ಹಣ್ಣುಗಳಲ್ಲಿ ತಿರುಳಿಗೂ ಇಳಿದಿರುತ್ತದೆ, ಅಷ್ಟೇ. ಮಧ್ಯ ಏಷ್ಯಾದಲ್ಲಿ ತಿರುಳು ಪೂರ್ತಿ ಕೆಂಪಗಿರುವ ಕಾಡುಸೇಬಿನ ಜಾತಿಯೂ ಇದೆ. ಕೆರೆದರೆ ಬಿಳಿ ಪುಡಿ ಬರುತ್ತದೆ ಎಂದೂ ಕೇಳಿದ್ದೀರಿ. ಅದು ಮೇಣ. ಸ್ವಲ್ಪ ಹಣ್ಣಿನದೇ, ಉಳಿದದ್ದು ಹೊಳಪಿಗಾಗಿ ಹಚ್ಚಿದ ಅರಗು ಇಲ್ಲವೇ ಕಾರ್ನುಬಾ ಮೇಣ. ಹಚ್ಚಲು ಅನುಮತಿ ಇದೆ.

ಹುಬ್ಬಳ್ಳಿಯಿಂದ ಹಣ್ಣಿನ ಸಗಟು ವ್ಯಾಪಾರಿ: ನಮ್ಮ ತಂದಿಯವರ ಕಾಲದಿಂದ ಹಣ್ಣಿನ ವ್ಯಾಪಾರ ರೀ. ಈ ವರ್ಷ ಕೋಲ್ಡ್ ಸ್ಟೋರೇಜಿನಿಂದ ಬಂದ ಒಂದು ಲಾಟ್ ಇಳಿಸಿಕೊಂಡಾಗ ಛಲೋ ಇತ್ತು, ಒತ್ತಿ ನೋಡಿದರ ಕಲ್ಲಿನಂಗ ಗಟ್ಟಿ. ವಾರದಾಗ ಗಿರಾಕಿಗಳು ವಾಪಸ್ ತರಾಕ ಹತ್ತಿದರು, ಒಳಗ ಕಂದು. ಸ್ಟೋರಿನವರು ‘ತೋಟದವರ ತಪ್ಪು’ ಅಂತಾರ, ತೋಟದವರು ‘ಸ್ಟೋರಿನವರ ತಪ್ಪು’ ಅಂತಾರ. ಯಾರನ್ನ ಹಿಡೀಬೇಕು?

ಹಣ್ಣನ್ನೇ ಕೇಳಿರಿ ಅಣ್ಣಾರ, ಅದು ಸುಳ್ಳು ಹೇಳೋದಿಲ್ಲ. ಒಂದು ಚೂಪು ಚಾಕು ತಗೊಳ್ಳಿ. ತೊಟ್ಟಿನಿಂದ ಕೆಳಕ್ಕೆ ಸೀಳಬೇಡಿ, ನಡುವಿಗೆ ಅಡ್ಡಲಾಗಿ ಕತ್ತರಿಸಿ. ಬೀಜದ ನಕ್ಷತ್ರ ಮಧ್ಯದಲ್ಲಿ ಕಾಣಬೇಕು. ಪೆಟ್ಟಿಗೆಗೊಂದು ಸಾಲದು, ಬೇರೆ ಬೇರೆ ಪೆಟ್ಟಿಗೆಯಿಂದ, ಬೇರೆ ಬೇರೆ ಗಾತ್ರದ್ದು ಕತ್ತರಿಸಿ ಸಾಲಾಗಿ ಇಡಿ. ಈಗ ಕಂದು ಎಲ್ಲಿಂದ ಶುರುವಾಗಿದೆ ನೋಡಿ.

ಸಿಪ್ಪೆಯ ಕೆಳಗಿನಿಂದ, ಅದರಲ್ಲೂ ಹೂವಿನ ತುದಿಯ ಕಡೆಯಿಂದ ಕಂದು ಹಬ್ಬಿ, ತಿರುಳು ಹಿಟ್ಟುಹಿಟ್ಟಾಗಿದ್ದರೆ ಅದು ಮುಪ್ಪು. ದೊಡ್ಡ ಹಣ್ಣುಗಳೇ ಮೊದಲು ಹೋಗಿರುತ್ತವೆ. ಇದರ ಬೇರು ಹೆಚ್ಚಾಗಿ ತೋಟದಲ್ಲಿ. ಬಣ್ಣ ಬರಲಿ, ತೂಕ ಬರಲಿ ಎಂದು ತಡವಾಗಿ ಕಿತ್ತಿದ್ದಾರೆ, ಇಲ್ಲವೇ ಹಣ್ಣಿನಲ್ಲಿ ಸುಣ್ಣದಂಶ ಕಡಿಮೆ ಇದೆ. ಕೀಳುವ ಹೊತ್ತು ತಿಳಿಯಲು ಕೊಯ್ದ ಹೋಳಿಗೆ ಅಯೋಡಿನ್ ಹಚ್ಚುತ್ತಾರೆ. ಪಿಷ್ಟ ಇದ್ದಲ್ಲಿ ಕಪ್ಪು ನೀಲಿ, ಸಕ್ಕರೆಯಾಗಿ ತಿರುಗಿದಲ್ಲಿ ಬಿಳಿ. ಹೋಳು ಪೂರ್ತಿ ಬಿಳಿಯಾಗಿದ್ದರೆ ಆ ಹಣ್ಣು ಪೇಟೆಗೆ ಸರಿ, ತಿಂಗಳುಗಟ್ಟಲೆ ಇಡುವ ಕೋಣೆಗೆ ಅಲ್ಲ. ಸುಗ್ಗಿಯಲ್ಲಿ ನನ್ನ ಬೆರಳುಗಳಿಂದ ಅಯೋಡಿನ್ ಕಲೆ ಹೋಗುತ್ತಲೇ ಇರಲಿಲ್ಲ. ತೀರಾ ಮಾಗಿ ಬಂದ ಲಾರಿಯನ್ನು ಪಕ್ಕಕ್ಕೆ ಹಾಕಿ ಎಂದರೆ ಬೆಳೆಗಾರ ನನ್ನ ವಂಶವನ್ನೆಲ್ಲ ಪಹಾಡಿಯಲ್ಲಿ ನೆನೆಸುತ್ತಿದ್ದ.

ಕಂದು ನಡುವಿನಲ್ಲಿದ್ದು, ಅಂಚು ಗೆರೆ ಎಳೆದಂತಿದ್ದು, ಗಟ್ಟಿಯಾಗಿದ್ದು, ಟೊಳ್ಳುಗಳಿದ್ದರೆ ದಾವಣಗೆರೆಯ ಅಮ್ಮನಿಗೆ ಹೇಳಿದ ಡೈಆಕ್ಸೈಡ್ ಏಟು. ಇದಕ್ಕೆ ಸ್ಟೋರಿನವರನ್ನೇ ಹಿಡಿಯಬೇಕು. ಇದು ಹಳೆಯ ಪಿಡುಗು. ಮೊದಲ ಮಹಾಯುದ್ಧದ ನಂತರ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೋದ ಸೇಬು ಒಳಗೆಲ್ಲ ಕಂದಾಗಿ ಇಳಿಯುತ್ತಿತ್ತು. ಚಳಿ ಹೆಚ್ಚಾಯಿತೆಂದು ಬಹಳ ಜನ ನಂಬಿದ್ದರು. ಕೇಂಬ್ರಿಜ್‌ನ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ 1923ರ ವರದಿಯಲ್ಲಿ, ಗಾಳಿಯಾಡದ ಹಡಗಿನ ಒಡಲಲ್ಲಿ ಹಣ್ಣು ತಾನೇ ಬಿಟ್ಟ ಡೈಆಕ್ಸೈಡ್ ತುಂಬಿ ಹೀಗಾಗುತ್ತದೆಂದು ತೋರಿಸಿಕೊಟ್ಟರು. ತಮಾಷೆಯೆಂದರೆ, ಅದೇ ಗಾಳಿಯನ್ನು ಅಳತೆಯಲ್ಲಿ ಹಿಡಿದರೆ ಹಣ್ಣು ಹೆಚ್ಚು ಕಾಲ ಬಾಳುತ್ತದೆಂದು ಕಂಡುಕೊಂಡವರೂ ಅವರೇ. 1929ರಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ವ್ಯಾಪಾರಕ್ಕಾಗಿ ಅಂಥ ಮೊದಲ ಕೋಣೆ ಎದ್ದಿತು. ಇಂದಿನ ಸಿ.ಎ. ಸ್ಟೋರುಗಳೆಲ್ಲ ಅದರ ಮೊಮ್ಮಕ್ಕಳು. ಎಲ್ಲ ತಳಿಗೂ ಒಂದೇ ಅಳತೆ ನಡೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ಡೆಲಿಶಿಯಸ್ ಡೈಆಕ್ಸೈಡನ್ನು ಶೇ 2ರವರೆಗೂ ತಾಳಿಕೊಂಡೀತು. ಫ್ಯೂಜಿ, ಬ್ರೇಬರ್ನ್ ಅರ್ಧ ಶೇಕಡಾ ದಾಟಿದರೆ ಮುನಿಸಿಕೊಳ್ಳುತ್ತವೆ. ಎರಡು ತಳಿಯನ್ನು ಒಂದೇ ಕೋಣೆಗೆ ತುಂಬಿದ ಜಾಣರನ್ನು ನಾನು ನೋಡಿದ್ದೇನೆ.

ಸಿಪ್ಪೆಯ ಕೆಳಗೆ ಒಂದು ಬಿಳಿ ಪಟ್ಟಿ ಚೆನ್ನಾಗಿಯೇ ಉಳಿದು, ಅದರ ಒಳಗೆ ತೇವದ, ಮೆತ್ತನೆಯ ಕಂದು ಉಂಗುರ ಕಂಡರೆ ಅದು ಚಳಿಯ ಏಟು. ಹಣ್ಣು ಹೆಪ್ಪುಗಟ್ಟಬೇಕೆಂದೇನಿಲ್ಲ. ಇಂಗ್ಲೆಂಡಿನ ಕಾಕ್ಸ್, ಬ್ರಾಮ್ಲಿ ಸೇಬುಗಳು 3 ಡಿಗ್ರಿಗಿಂತ ಕೆಳಗೆ ಇಟ್ಟರೇ ನರಳುತ್ತವೆ. ನಮ್ಮ ಡೆಲಿಶಿಯಸ್ ಸೊನ್ನೆಗೆ ಒಗ್ಗಿದ ಹಣ್ಣು, ಅದರಲ್ಲಿ ಇದು ಅಪರೂಪ. ನಿಜವಾಗಿ ಹೆಪ್ಪುಗಟ್ಟಿ ಕರಗಿದ್ದರೆ ತಿರುಳು ನೀರು ಹೀರಿದಂತೆ ಪಾರದರ್ಶಕವಾಗಿ, ಅದರ ನರಗಳು ಕಂದಾಗಿ ಕಾಣುತ್ತವೆ. ತಂಪು ಗಾಳಿ ನೇರ ಬಡಿಯುವ ಸಾಲಿನ ಪೆಟ್ಟಿಗೆಗಳಲ್ಲಿ ಮಾತ್ರ ಹೀಗಾಗುವುದರಿಂದ, ಲಾಟ್‌ನ ಕೆಲವೇ ಪೆಟ್ಟಿಗೆ ಕೆಟ್ಟಿದ್ದರೆ ಇದನ್ನೇ ಶಂಕಿಸಿ. ಇನ್ನು ಮೂಗಿಗೆ ಹೆಂಡದ ವಾಸನೆ ಬಡಿದರೆ ಆಮ್ಲಜನಕವನ್ನು ವಿಪರೀತ ಇಳಿಸಿದ್ದಾರೆ ಎಂದು ಲೆಕ್ಕ.

‘ಒತ್ತಿ ನೋಡಿದರ ಗಟ್ಟಿ’ ಎಂದಿದ್ದೀರಿ. ಅದನ್ನು ನಂಬುವ ಕಾಲ ಹೋಯಿತು. ‘1-ಎಂಸಿಪಿ’ ಎಂಬ ಅನಿಲವಿದೆ, ಅಮೆರಿಕದಲ್ಲಿ ಸೇಬಿಗೆ ಬಳಸಲು 2002ರಲ್ಲಿ ಒಪ್ಪಿಗೆ ಪಡೆದದ್ದು. ಮುಚ್ಚಿದ ಕೋಣೆಯಲ್ಲಿ ಒಂದು ದಿನ, ಗಾಳಿಯ ಹತ್ತು ಲಕ್ಷ ಪಾಲಿಗೆ ಒಂದು ಪಾಲಿನಷ್ಟು ಬಿಟ್ಟರೆ ಸಾಕು. ಹಣ್ಣು ಮಾಗಿಸುವ ಎಥಿಲೀನ್ ಬಂದು ಕೂರುವ ಜಾಗವನ್ನೇ ಇದು ಹಿಡಿದು ಕೂರುತ್ತದೆ. ಹಣ್ಣು ತಿಂಗಳುಗಟ್ಟಲೆ ಕರಕರ ಎನ್ನುತ್ತದೆ, ಸಿಪ್ಪೆ ಸುಟ್ಟಂತಾಗುವುದೂ ಕಡಿಮೆ. ಒಳ್ಳೆಯದೇ. ಆದರೆ ಕೆಲವು ತಳಿಗಳಲ್ಲಿ ಡೈಆಕ್ಸೈಡಿನ ಏಟು ಇದರಿಂದ ಹೆಚ್ಚುತ್ತದೆ. ಹೊರಗೆ ಕಲ್ಲು, ಒಳಗೆ ಕಂದು ಎಂಬ ಹಣ್ಣು ಹೀಗೂ ಹುಟ್ಟುತ್ತದೆ.

ತೋಟ ಮತ್ತು ಸ್ಟೋರಿನ ನಡುವಿನ ರಸ್ತೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಸಿಲಿಗೆ ಬಿದ್ದ ಒಂದು ದಿನ ಶೀತಲಗೃಹದ ಹತ್ತು ದಿನ ತಿನ್ನುತ್ತದೆ ಎಂದು ನಮ್ಮ ಕಸುಬಿನಲ್ಲಿ ಹೇಳುತ್ತೇವೆ. 2025ರ ಸೆಪ್ಟೆಂಬರಿನಲ್ಲಿ ಭೂಕುಸಿತದಿಂದ ಜಮ್ಮು–ಶ್ರೀನಗರ ಹೆದ್ದಾರಿ ಮುಚ್ಚಿ ಕಾಶ್ಮೀರದ ಸೇಬಿನ ಲಾರಿಗಳು ದಿನಗಟ್ಟಲೆ ನಿಂತವು. ಕೊನೆಗೆ ಬುದ್ಗಾಮ್‌ನಿಂದ ದೆಹಲಿಗೆ ಪಾರ್ಸೆಲ್ ರೈಲು ಬಿಡಬೇಕಾಯಿತು. ಟಾರ್ಪಾಲು ಕಟ್ಟಿದ ಲಾರಿಯಲ್ಲಿ ಬೇಯುತ್ತಾ ನಿಂತ ಹಣ್ಣನ್ನು ಆಮೇಲೆ ಎಷ್ಟೇ ಒಳ್ಳೆಯ ಕೋಣೆಗೆ ಹಾಕಿದರೂ ಕಳೆದ ಆಯುಷ್ಯ ಮರಳದು. ಆದ್ದರಿಂದ ಮುಂದಿನ ಸಲ ಲಾಟ್ ಹಿಡಿಯುವ ಮೊದಲು ಯಾವತ್ತು ಕಿತ್ತದ್ದು, ಯಾವತ್ತು ಕೋಣೆಗೆ ಹೋದದ್ದು, ಕೋಣೆಯ ಬಾಗಿಲು ಯಾವತ್ತು ತೆರೆದದ್ದು, ಈ ಮೂರು ತಾರೀಖು ಬರೆಸಿಕೊಳ್ಳಿ. ಲಾಟ್‌ನಿಂದ ಒಂದಷ್ಟು ಹಣ್ಣು ತೆಗೆದು ಐದಾರು ದಿನ ನಿಮ್ಮ ಅಂಗಡಿಯ ಸೆಕೆಯಲ್ಲೇ ಇಟ್ಟು ಆಮೇಲೆ ಕತ್ತರಿಸಿ. ಒಳಗಿನ ಪೆಟ್ಟು ಎಷ್ಟೋ ಸಲ ತಂಪಿನಿಂದ ಹೊರಗೆ ಬಂದ ಮೇಲೆಯೇ ಬಣ್ಣ ತೋರಿಸುತ್ತದೆ. ತಾರೀಖು ಹೇಳಲು ಮೀನಮೇಷ ಎಣಿಸುವ ಸ್ಟೋರಿನವನ ಜೊತೆ ವ್ಯಾಪಾರ ಬಿಟ್ಟುಬಿಡಿ.

ಟೋಕಿಯೊದಲ್ಲಿ ಓದುತ್ತಿರುವ ಮೈಸೂರಿನ ಹುಡುಗಿ: ಇಲ್ಲಿ ಸೇಬು ಕೊಯ್ದರೆ ನಡುವೆ ಗಾಜಿನಂತೆ ಹೊಳೆಯುವ ನೀರು ನೀರಾದ ಭಾಗ. ಕೆಟ್ಟಿದೆ ಎಂದು ಎಸೆಯಹೊರಟರೆ ಜಪಾನೀ ಗೆಳತಿ ಹೌಹಾರಿದಳು!

ಎಸೆಯಬೇಡಮ್ಮಾ, ಅದಕ್ಕೆ ಅಲ್ಲಿ ಹೆಚ್ಚು ಬೆಲೆ. ಎಲೆಯಿಂದ ಹಣ್ಣಿಗೆ ಸಕ್ಕರೆ ಹರಿದು ಬರುವುದು ಸಾರ್ಬಿಟಾಲ್ ಎಂಬ ರೂಪದಲ್ಲಿ. ಹಣ್ಣು ಮರದಲ್ಲೇ ಚೆನ್ನಾಗಿ ಬಲಿತಾಗ ಕೋಶಗಳು ಅದನ್ನು ಒಳಗೆ ತೆಗೆದುಕೊಳ್ಳುವುದು ಕಡಿಮೆಯಾಗಿ, ಕೋಶಗಳ ನಡುವಿನ ಗಾಳಿಯ ಸಂದುಗಳಲ್ಲಿ ಸಾರ್ಬಿಟಾಲ್ ಸೇರಿದ ರಸ ತುಂಬಿಕೊಳ್ಳುತ್ತದೆ. ಜಪಾನಿನವರು ಜೇನು ತುಂಬಿದೆ ಎಂದು ಸಂಭ್ರಮಿಸುತ್ತಾರೆ. ನಿಜ ಹೇಳಬೇಕೆಂದರೆ ಸಾರ್ಬಿಟಾಲ್ ಸಕ್ಕರೆಯಷ್ಟು ಸಿಹಿಯಲ್ಲ. ಪೂರ್ತಿ ಮಾಗಿದ ಗುರುತು ಅದು, ಸಿಹಿ ಬಂದದ್ದು ಮಾಗಿದ್ದರಿಂದ. ನೀನು ತಿಂದದ್ದು ಫ್ಯೂಜಿ ಇರಬೇಕು. ಅವೊಮೊರಿ ಪ್ರಾಂತ್ಯದ ಫುಜಿಸಾಕಿಯಲ್ಲಿ ಹುಟ್ಟಿ, 1962ರಲ್ಲಿ ಹೆಸರು ಪಡೆದ ತಳಿ. ಅದರ ಹೆತ್ತವರಲ್ಲಿ ಒಂದು ನಮ್ಮ ಪರಿಚಯದ ರೆಡ್ ಡೆಲಿಶಿಯಸ್. ಹಿಮಾಚಲದಲ್ಲಿ ಇಂಥ ಗಾಜು ಕಂಡರೆ ನಾವು ಲಾಟನ್ನು ಕೋಣೆಗೆ ಬಿಡುತ್ತಿರಲಿಲ್ಲ. ಸ್ವಲ್ಪವಿದ್ದರೆ ಇಟ್ಟಲ್ಲೇ ಇಂಗಿಹೋಗುತ್ತದೆ. ಜಾಸ್ತಿಯಿದ್ದರೆ ಆ ರಸ ತುಂಬಿದ ಜಾಗಕ್ಕೆ ಗಾಳಿ ಹೋಗದೆ ಕಂದಾಗುತ್ತದೆ. ಗೆಳತಿಯ ಮಾತು ಕೇಳು, ಇಟ್ಟುಕೊಳ್ಳದೆ ತಿನ್ನು.

ಚಿಕ್ಕಬಳ್ಳಾಪುರ ಜಿಲ್ಲೆಯ ರೈತರು: ಅನ್ನಾ ತಳಿಯ ಸೇಬು ಹಾಕಿದ್ದೇನೆ, ಫಸಲು ಬರುತ್ತಿದೆ. ಕೀಳುವಾಗ ಚೆನ್ನಾಗಿದ್ದ ಹಣ್ಣು ಇಟ್ಟ ಮೇಲೆ ಸಿಪ್ಪೆಯಲ್ಲಿ ಸಣ್ಣ ಕುಳಿಗಳು. ಸಿಪ್ಪೆ ತೆಗೆದರೆ ಕೆಳಗೆ ಬೆಂಡಿನಂತೆ ಕಂದು ಚುಕ್ಕೆ, ತಿಂದರೆ ಕಹಿ. ಯಾವ ಔಷಧಿ ಹೊಡೆಯಲಿ?

ಶಿಲೀಂಧ್ರನಾಶಕಕ್ಕೆ ದುಡ್ಡು ಸುರಿಯಬೇಡಿ. ಇದು ಕಹಿಕುಳಿ, ಹಣ್ಣಿಗೆ ಕ್ಯಾಲ್ಸಿಯಂ ಸಾಲದೆ ಬರುವ ತೊಂದರೆ. ಮಣ್ಣಿನಲ್ಲಿ ಸುಣ್ಣ ಇದ್ದರೂ ಬರುತ್ತದೆ. ಕ್ಯಾಲ್ಸಿಯಂ ನೀರಿನ ಜೊತೆ ಮೇಲೇರುವ ವಸ್ತು. ನೀರನ್ನು ಹೆಚ್ಚು ಎಳೆಯುವುದು ಎಲೆ, ಹಣ್ಣಿಗೆ ಉಳಿಕೆ. ಅದರಲ್ಲೂ ಕಾಯಿ ದಪ್ಪಗಾದ ಮೇಲೆ ಒಳಗೆ ಹೋಗುವುದು ತೀರಾ ಕಡಿಮೆ. ಯೂರಿಯಾ ಜಾಸ್ತಿ ಕೊಟ್ಟು ಚಿಗುರು ಭರ್ರನೆ ಬಂದಿದ್ದರೆ, ಗಿಡದಲ್ಲಿ ನಾಲ್ಕೇ ನಾಲ್ಕು ದಪ್ಪ ಕಾಯಿ ಇದ್ದರೆ, ಒಂದು ವಾರ ನೀರು ಬಿಟ್ಟು ಮುಂದಿನ ವಾರ ಒಣಗಿಸಿದರೆ ಕಹಿಕುಳಿ ಖಂಡಿತ. ಎಳೆಗಿಡಗಳಲ್ಲಿ ಇನ್ನೂ ಹೆಚ್ಚು. ಪೊಟ್ಯಾಶ್ ಅತಿಯಾದರೂ ಕ್ಯಾಲ್ಸಿಯಂಗೆ ಅಡ್ಡಿ.

ಕಾಯಿ ಗೋಲಿ ಗಾತ್ರಕ್ಕೆ ಬಂದಾಗಿನಿಂದ, ಲೀಟರ್ ನೀರಿಗೆ 3ರಿಂದ 5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಒಂದೆರಡು ವಾರಕ್ಕೊಮ್ಮೆ ಸಿಂಪಡಿಸಿ. ಎಲೆಗೆ ಬಿದ್ದದ್ದು ಹಣ್ಣಿಗೆ ಇಳಿಯುವುದಿಲ್ಲ, ಕಾಯಿಯೇ ನೆನೆಯಬೇಕು. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಎಲೆ ಸುಡುತ್ತದೆ, ಹಾಗಾಗಿ ಕಡಿಮೆ ಪ್ರಮಾಣದಿಂದ ಶುರುಮಾಡಿ, ಹೊತ್ತು ಇಳಿದ ಮೇಲೆ ಹೊಡೆಯಿರಿ. ರಂಜಕ, ಗಂಧಕದ ಲವಣಗಳ ಜೊತೆ ಬೆರೆಸಬೇಡಿ, ಟ್ಯಾಂಕಿನಲ್ಲೇ ಗಸಿ ಕಟ್ಟುತ್ತದೆ. ಹನಿ ನೀರಾವರಿ ಏರುಪೇರಿಲ್ಲದೆ ನಡೆಯಲಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. 1916ರಲ್ಲಿ, ಅಮೆರಿಕದಿಂದ ಬಂದು ನೆಲೆಸಿದ್ದ ಸ್ಯಾಮ್ಯುಯೆಲ್ ಸ್ಟೋಕ್ಸ್ ಹಿಮಾಚಲದ ಕೋಟಗಢದ ಬೆಟ್ಟದಲ್ಲಿ ನೆಟ್ಟ ಡೆಲಿಶಿಯಸ್ ಗಿಡಕ್ಕೆ ಸಾವಿರ ಗಂಟೆಗೂ ಮೀರಿದ ಚಳಿ ಬೇಕು. ನಿಮ್ಮ ಅನ್ನಾಗೆ ಅದರ ಕಾಲು ಭಾಗ ಸಾಕು, ಅದಕ್ಕೇ ಅದು ಬಯಲುಸೀಮೆಗೂ ಬಂತು. ಆದರೆ ಬೇಗ ಹಣ್ಣಾಗುವ ಜಾತಿ ಬೇಗ ಮುಪ್ಪಾಗುತ್ತದೆ. ಡೆಲಿಶಿಯಸ್‌ನಂತೆ ಇಟ್ಟು ಮಾರುವ ಆಸೆ ಬೇಡ, ಶೀತಲಗೃಹದ ಬಾಡಿಗೆಯೂ ಹುಟ್ಟುವುದಿಲ್ಲ. ನಿಮ್ಮ ಫಸಲು ಮೇ, ಜೂನ್‌ನಲ್ಲಿ ಬರುತ್ತದೆ. ಆಗ ಪೇಟೆಯಲ್ಲಿರುವುದು ವಿದೇಶದ ಸೇಬು ಇಲ್ಲವೇ ದಾವಣಗೆರೆಯ ಅಮ್ಮ ಕೊಂಡಂಥ ಹಳೆಯ ದಾಸ್ತಾನು. ಬೆಳಗಿನ ತಂಪಿನಲ್ಲಿ ಕಿತ್ತು, ನೆರಳಿನಲ್ಲಿಟ್ಟು, ಅವತ್ತೇ ಬೆಂಗಳೂರಿಗೆ ಕಳಿಸಿ. ಪೆಟ್ಟಿಗೆಯ ಮೇಲೆ ಕಿತ್ತ ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.